ಗಾದಿಯೂ ಮೊಣಕಾಲೂ

ನಮ್ಮ ಧಂದೆಯಲ್ಲಿ ಕೂಡುವುದೇ ಕೆಲಸ. ಹೀಗೆಂದರೆ ಆಫೀಸಿಗೆ ಹೋಗುವವರು ನಗುತ್ತಾರೆ, ನಗಲಿ. ಪುಣೆಯ ರವಿವಾರ ಪೇಠೆಯ ಒಂದು ಗಲ್ಲಿಯಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ನಮ್ಮ ಅಂಗಡಿಯಲ್ಲಿ ಕುರ್ಚಿ ಎಂಬುದೇ ಇರಲಿಲ್ಲ. ಗೋಡೆಯಿಂದ ಗೋಡೆಗೆ ಬಿಳಿ ಬಟ್ಟೆ ಹೊದಿಸಿದ ಗಾದಿ, ಒರಗಿಕೊಳ್ಳಲು ಲೋಡು, ಅಷ್ಟೇ. ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬಂದು ಗಾದಿಯ ಮೇಲೆ ಕೂಡಬೇಕು, ಅವರೆದುರು ನಾನು ಚಕ್ಕಳಮಕ್ಕಳ ಹಾಕಿ ಕೂಡಬೇಕು, ಇಬ್ಬರ ನಡುವೆ ಸೀರೆ ಬಿಚ್ಚಬೇಕು. ಜಮಖಂಡಿಯಿಂದ ಬಂದು ಈ ಅಂಗಡಿ ಇಟ್ಟವರು ನಮ್ಮಪ್ಪ. ಅವರು ನನಗೆ ವ್ಯಾಪಾರ ಕಲಿಸಿದ್ದು ಒಂದೇ ಮಾತಿನಿಂದ: "ಗಿರಾಕಿಗಿಂತ ಒಂದು ಬಟ್ಟೂ ಮ್ಯಾಲ ಕೂಡಬ್ಯಾಡ."

ಆ ಮಾತನ್ನು ನಾನು ಮೀಸೆ ಬರುವ ಮೊದಲಿನಿಂದ ತಲೆ ನೆರೆಯುವವರೆಗೂ ಪಾಲಿಸಿದೆ. ನನ್ನ ಬಲಗಾಲಿನ ಮೊಣಕಾಲಿಗೆ ಮಾತ್ರ ಅದು ಸಾಕಾಯಿತು.

ಮೊದಮೊದಲು ಏಳುವಾಗ ಕಟಕ್ ಎನ್ನುತ್ತಿತ್ತು. ಆಮೇಲೆ ಏಳುವುದಕ್ಕೆ ಲೋಡು ಬೇಕಾಯಿತು. ಆಮೇಲೆ ಲೋಡಿನ ಜೊತೆಗೆ ಬಸಣ್ಣನ ಹೆಗಲೂ ಬೇಕಾಯಿತು. ಬಸಣ್ಣ ನನ್ನ ವಾರಗೆಯವನು; ಕಪಾಟಿನ ಮುಂದೆ ನಿಂತು, ನಾನು ಬಣ್ಣ ಹೇಳಿದ ಕೂಡಲೇ ಸೀರೆ ಎಸೆಯುವುದು ಅವನ ಕೆಲಸ. ಕಾಲು ಮಡಚಲಾಗದಾಗ ನಾನೊಂದು ಉಪಾಯ ಕಂಡುಕೊಂಡೆ. ಬಲಗಾಲನ್ನು ಉದ್ದಕ್ಕೆ ಚಾಚಿ, ಅದರ ಮೇಲೆ ನಾಲ್ಕಾರು ಸೀರೆ ಹರಡಿಬಿಡುತ್ತಿದ್ದೆ. ಲಕ್ಷ್ಮಿಯಂತೆ ಅಂಗಡಿ ಬಾಗಿಲಿಗೆ ಬಂದ ಹೆಣ್ಣುಮಕ್ಕಳಿಗೆ ಅಂಗಾಲು ತೋರಿಸಿ ಕೂಡುವುದೆಂದರೆ ಏನು ಮರ್ಯಾದೆ? ಒಂದು ದಿನ ಮಗಳ ಮದುವೆಯ ಬಟ್ಟೆಗೆಂದು ಬಂದ ತಾಯಿಯೊಬ್ಬರಿಗೆ ಬೇರೆ ಯಾವುದೂ ಮನಸ್ಸಿಗೆ ಬರದೆ, ಸರಿಯಾಗಿ ನನ್ನ ಕಾಲು ಮುಚ್ಚಿದ್ದ ಸೀರೆಯೇ ಬೇಕೆಂದು ಎಳೆದರು. ನನ್ನ ಪಾದ ಅವರ ಮಡಿಲಿನ ಕಡೆಗೆ ನೆಟ್ಟಗೆ ನೋಡುತ್ತಿತ್ತು. ಅವರು ಮುಖ ಆ ಕಡೆ ತಿರುಗಿಸಿದರು. ಬಸಣ್ಣ ಕಪಾಟಿನ ಕಡೆ ತಿರುಗಿ ನಿಂತ, ಅವನ ಬೆನ್ನು ನಗುತ್ತಿದ್ದುದು ನನಗೆ ಕಾಣಿಸುತ್ತಿತ್ತು.

ಆದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗುವಂತೆ ಮಾಡಿದ್ದು ನಮ್ಮ ಮನೆಯ ಪಾಯಖಾನೆ. ಹಳೆಯ ವಾಡೆಯ ಮನೆ, ಕುಕ್ಕರಗಾಲಲ್ಲಿ ಕೂಡುವ ವ್ಯವಸ್ಥೆ. ಒಂದು ಮುಂಜಾನೆ ಕೂತವನಿಗೆ ಏಳಲಾಗಲಿಲ್ಲ. ನಲ್ಲಿ ಹಿಡಿದೆ, ಅದು ಅಲ್ಲಾಡಿತು. ಬಕೆಟ್ಟು ಹಿಡಿದೆ, ಅದು ಜಾರಿತು. ಹೊರಗಿನಿಂದ ನನ್ನ ಹೆಂಡತಿ ಶಾರದಾ, "ಏನ್ರಿ, ಚಹಾ ಆರಲಿಕ್ಹತ್ತದ" ಎಂದು ಕೂಗಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಹೆಂಡತಿಯನ್ನೇ ಕರೆಯಲು ನಾಚಿಕೆ. ಕೊನೆಗೆ ಕರೆದೆ. ಅವಳು ಬಂದು, ಬಗ್ಗಿ, ಮಗುವನ್ನು ಎತ್ತುವಂತೆ ನನ್ನನ್ನು ಎತ್ತಿದಳು. ಆರಿದ ಚಹಾ ಮತ್ತೆ ಕಾಸಿ ಕೊಟ್ಟಳು. ಲೋಟ ಒಯ್ಯುವಾಗ ಅವಳು, "ಇವತ್ತ ಡಾಕ್ಟರ ಕಡೆ ಹೋಗೂಣು" ಎಂದಳು. ನಾನು ಹೂಂ ಎಂದೆ.

ಮೂಳೆ ಡಾಕ್ಟರ ದವಾಖಾನೆಯ ಕಾಯುವ ಕೋಣೆ ಒಂದು ಬೇರೆಯೇ ಲೋಕ. ಗೋಡೆಗುಂಟ ತಗ್ಗಾದ ಸ್ಟೀಲಿನ ಕುರ್ಚಿಗಳು, ಅವುಗಳ ನಡುವೆ ಎಲ್ಲಿಂದಲೋ ಬಂದ ಒಂದು ಎತ್ತರದ ಮರದ ಕುರ್ಚಿ. ಹೆಸರು ಕರೆದಾಗಲೆಲ್ಲ ಒಬ್ಬರು ಎರಡೂ ಕೈ ತೊಡೆಗೆ ಊರಿ, "ಆಯಿ ಗ", ಅಯ್ಯೋ ಅವ್ವಾ, ಎಂದು ಏಳುತ್ತಿದ್ದರು. ಎಲ್ಲರ ಏಳುವಿಕೆಯೂ ಒಂದೇ ಥರ, ಎಲ್ಲರ ನರಳಾಟವೂ ಒಂದೇ ರಾಗ. ನಾನು ಒಬ್ಬನೇ ಎಂದುಕೊಂಡಿದ್ದ ಕಷ್ಟಕ್ಕೆ ಇಲ್ಲಿ ಕೋಣೆ ತುಂಬ ಪಾಲುದಾರರಿದ್ದರು. ಸ್ವಲ್ಪ ಹೊತ್ತಿಗೆ ಆ ಮರದ ಕುರ್ಚಿಯ ಗುಟ್ಟೂ ತಿಳಿಯಿತು. ಅಲ್ಲಿ ಕೂತವರಿಗಿಂತ ಹೆಚ್ಚು ಕುಂಟುವವರು ಬಾಗಿಲಲ್ಲಿ ಕಂಡರೆ ಕೂತವರು ಎದ್ದು ಬಿಟ್ಟುಕೊಡುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ. ನನಗಿಂತ ಹಿರಿಯರೊಬ್ಬರು ಎದ್ದು ನನಗೆ ಕುರ್ಚಿ ತೋರಿಸಿದಾಗ ನನಗೆ ಸಿಟ್ಟೇ ಬಂತು. ಬೇಡವೆಂದು ತಲೆಯಾಡಿಸಿ ಸ್ಟೀಲಿನ ಕುರ್ಚಿಯಲ್ಲೇ ಕೂತೆ. ನನ್ನ ಹೆಸರು ಕರೆದಾಗ ಏಳಲು ಶಾರದಾ ಕೈ ಕೊಡಬೇಕಾಯಿತು.

ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು, "ಗುಡಘಾ ಝಿಜಲಾಯ್" ಎಂದರು. ಮೊಣಕಾಲು ಸವೆದಿದೆ. ಬಟ್ಟೆ ವ್ಯಾಪಾರಿಗೆ ಸವೆಯುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸವೆದ ಬಟ್ಟೆಯನ್ನು ಯಾರೂ ಹೊಸದು ಮಾಡಿಕೊಡುವುದಿಲ್ಲ. ನಮ್ಮವ್ವ ಕೊನೆಗಾಲದಲ್ಲಿ ಅಡಿಗೆಮನೆಯಿಂದ ಪಡಸಾಲೆಗೆ ಕುಂಡಿಯ ಮೇಲೆ ಸರಿದುಕೊಂಡು ಬರುತ್ತಿದ್ದಳು. "ವಯಸ್ಸಾತಲ್ಲ" ಎಂದು ನಾವೆಲ್ಲ ಸುಮ್ಮನಿದ್ದೆವು, ಅವಳೂ ಸುಮ್ಮನಿದ್ದಳು. ಡಾಕ್ಟರು ಮುಂದೆ ಮಾತಾಡುತ್ತಲೇ ಇದ್ದರು, ನನ್ನ ಕಣ್ಣ ಮುಂದೆ ಮಾತ್ರ ಅವ್ವ ಸರಿದಾಡುತ್ತಿದ್ದಳು.

ಹೊರಗೆ ಬಂದಾಗ ಗೊತ್ತಾಯಿತು, ಒಂದೇ ಕೋಣೆಯಲ್ಲಿ ಕೂತು ಗಂಡ ಹೆಂಡತಿ ಬೇರೆಬೇರೆ ಮಾತು ಕೇಳಿಸಿಕೊಂಡಿದ್ದೆವು. ಡಾಕ್ಟರು ಹೇಳಿದ್ದಿಷ್ಟು: ಈಗಲೇ ಆಪರೇಷನ್ ಬೇಡ, ತೂಕ ಇಳಿಸಿ, ವ್ಯಾಯಾಮ ಮಾಡಿ, ಅದನ್ನು ಫಿಜಿಯೋಥೆರಪಿಯವರ ಹತ್ತಿರ ಕಲಿಯಿರಿ, ನೆಲದ ಮೇಲೆ ಕೂಡಬೇಡಿ. ನನಗೆ ಕೇಳಿಸಿದ್ದು ಆಪರೇಷನ್ ಬೇಡ, ವ್ಯಾಯಾಮ ಮಾಡಿ. ಶಾರದಾಗೆ ಕೇಳಿಸಿದ್ದು ಕೊನೆಯದು ಮಾತ್ರ.

"ತೆಳಗ ಕೂಡಬಾರದು ಅಂದ್ರ ಅಂಗಡಿ ಹ್ಯಾಂಗ ನಡಸ್ತೀರಿ? ಮುಚ್ಚಿಬಿಡ್ರಿ. ಕಾಲು ಉಳದ್ರ ಸಾಕು."

"ಕುರ್ಚಿ ಹಾಕ್ಕೊಂಡು ಗಿರಾಕಿ ನೆತ್ತಿ ಮ್ಯಾಲ ಕೂಡ್ಲೇನು? ಅಪ್ಪ ಹೇಳಿದ್ದು ಮರತ್ಯಾ?"

"ಅದಕ್ಕ ಮುಚ್ಚರಿ ಅನ್ನಲಿಕ್ಹತ್ತೀನಿ. ನಿಮ್ಮನ್ನ ದಿನಾ ಎತ್ತಲಿಕ್ಕೆ ನನ್ನ ಕೈಲೆ ಆಗೂದಿಲ್ಲ."

ಅದನ್ನು ಅವಳು ಜೋರಾಗಿ ಹೇಳಲಿಲ್ಲ, ರಿಕ್ಷಾದ ಹೊರಗೆ ನೋಡುತ್ತ ಹೇಳಿದಳು. ಆ ಅಂಗಡಿ ಬಿಟ್ಟರೆ ನಾನು ಯಾರು? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಹೇಗಾದರೂ ಮಾಡಿ ಮೊಣಕಾಲನ್ನು ಮತ್ತೆ ಮಡಚುವ ಹಾಗೆ ಮಾಡಿ ಗಾದಿಯ ಮೇಲೇ ಕೂಡುತ್ತೇನೆಂದು ಹಟ ಹಿಡಿದೆ.

ಪುಣೆಯಲ್ಲಿ ವ್ಯಾಯಾಮವೆಂದರೆ ಟೇಕಡಿ. ಈ ಊರಿನವರಿಗೆ ಬೆಳಗಾದರೆ ಯಾವುದಾದರೊಂದು ಗುಡ್ಡ ಏರಲೇಬೇಕು, ಮೇಲೆ ಹೋಗಿ ಗಾಳಿ ಕುಡಿಯಬೇಕು, ಗೊತ್ತಿರದವರಿಗೂ ಬುದ್ಧಿ ಹೇಳಬೇಕು. ನಾನು ಹಿಡಿದದ್ದು ಊರ ನಡುವಿನ ಪರ್ವತಿ ಗುಡ್ಡ. ಫಿಜಿಯೋಥೆರಪಿ ಯಾಕೆ ಬೇಕು, ಕಲ್ಲಿನ ಮೆಟ್ಟಿಲಿವೆಯಲ್ಲ? ಮೊದಲ ದಿನವೇ ಅರ್ಧದಲ್ಲಿ ಮೊಣಕಾಲು ಕೂಗಿಕೊಂಡಿತು. ಪಕ್ಕದಲ್ಲಿ ಇಳಿಯುತ್ತಿದ್ದ ಟೋಪಿಯ ಅಜ್ಜ, "ಚಾಲತ್ ರಹಾ, ಚಾಲತ್ ರಹಾ" ಎಂದು ಬೆನ್ನು ತಟ್ಟಿ ಹೋದ. ನಡೆಯುತ್ತಿರಬೇಕಂತೆ. ನೋಯುತ್ತಿದೆಯೆಂದರೆ ಔಷಧ ಹತ್ತುತ್ತಿದೆ ಎಂದೇ ನಾನು ತಿಳಿದೆ. ಏರುವಾಗಿನ ನೋವನ್ನು ಹಲ್ಲುಕಚ್ಚಿ ನುಂಗಿದೆ. ಇಳಿಯುವಾಗ ಇನ್ನೂ ಹೆಚ್ಚು ನೋವು, ಅದನ್ನೂ ನುಂಗಿದೆ. ಮರುದಿನ ಮತ್ತೆ ಹೋದೆ, ಅದರ ಮರುದಿನವೂ. ನೆಟ್ಟಗೆ ಅಲ್ಲಿಂದ ಅಂಗಡಿಗೆ ಬಂದು ಹಟಕ್ಕೆ ಬಿದ್ದು ಕಾಲು ಮಡಚಿ ಚಕ್ಕಳಮಕ್ಕಳ ಹಾಕುತ್ತಿದ್ದೆ.

ವಾರ ತುಂಬುವುದರೊಳಗೆ ಮೊಣಕಾಲು ಬೆಲ್ಲದ ಪೆಂಟೆಯ ಹಾಗೆ ಊದಿ ಬಿಸಿಯಾಯಿತು. ಧೋತರದ ಮೇಲಿಂದಲೇ ಕಾಣುವಷ್ಟು. ಹಾಸಿಗೆಯಲ್ಲಿ ಮಲಗಿ ಸೂರು ನೋಡುತ್ತ, ಎಲ್ಲ ಮುಗಿಯಿತು, ಅವ್ವನ ದಾರಿಯೇ ನನ್ನ ದಾರಿ ಎಂದುಕೊಂಡೆ. ಇನ್ನು ಮೇಲೆ ಕಾಲು ಅಲ್ಲಾಡಿಸುವುದೇ ಇಲ್ಲ ಎಂದೂ ನಿರ್ಧರಿಸಿದೆ. ಶಾರದಾ ಬೈಯಲಿಲ್ಲ. ಅವಳು ಬೈಯದಿದ್ದರೆ ಪರಿಸ್ಥಿತಿ ಕೆಟ್ಟಿದೆ ಎಂದೇ ಅರ್ಥ. ಡಾಕ್ಟರಿಗೆ ಮತ್ತೆ ತೋರಿಸಿ, ಊತ ಇಳಿದ ಮೇಲೆ, ಅವರು ಮೊದಲೇ ಹೇಳಿದ್ದ ಫಿಜಿಯೋಥೆರಪಿ ವಿಭಾಗಕ್ಕೆ ನನ್ನನ್ನು ಕೈಹಿಡಿದು ಕರೆದೊಯ್ದಳು.

ಅಲ್ಲಿದ್ದವಳು ಶ್ರುತಿ ಎಂಬ ಹುಡುಗಿ. ಫೋನಿನಲ್ಲಿ ಶಾರದಾ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದು ಅವಳ ಮುಖ ಅರಳಿತು. ತುಮಕೂರಿನವಳಂತೆ, ಮದುವೆಯಾಗಿ ಪುಣೆಗೆ ಬಂದಿದ್ದಾಳೆ.

"ಬನ್ನಿ ಅಂಕಲ್, ಕೂತ್ಕೊಳ್ಳಿ. ಮಂಡಿಗೆ ಏನ್ ಮಾಡ್ಕೊಂಡ್ರಿ?"

"ಅಂಕಲ್ ಅನಬ್ಯಾಡವಾ, ಕಾಕಾ ಅನ್ನು. ಮಂಡಿ ಅನ್ನೂದು ನಿಮ್ಮ ಕಡೆ ಮಾತು, ನನಗ ಮೊಣಕಾಲಿಗೆ ಆಗೇದ" ಎಂದೆ. ಅವಳು ನಕ್ಕಳು. ಪರ್ವತಿಯ ಕಥೆ ಹೇಳಿದ ಮೇಲೆ ನಗಲಿಲ್ಲ.

"ಕಾಕಾ, ಮೆಟ್ಟಿಲು ಕೆಟ್ಟದ್ದಲ್ಲ. ನಿಮ್ ತೊಡೆಗೆ ಶಕ್ತಿ ಇಲ್ಲ. ತೊಡೆ ಹೊರಬೇಕಾದ ಭಾರನೆಲ್ಲ ಮಂಡಿ ಹೊರ್ತಾ ಇದೆ. ಮೊದ್ಲು ಅದನ್ನ ರೆಡಿ ಮಾಡೋಣ."

"ನೋಯ್ತದವಾ. ಮಾಡಿದ್ರ ಇನ್ನಷ್ಟು ಸವೆದು ಹೋದ್ರ?"

"ಎಕ್ಸರ್ಸೈಜ್ ಮಾಡೋವಾಗ ಸ್ವಲ್ಪ ನೋವು ಬಂದ್ರೆ ಹೆದರ್ಬೇಡಿ. ಮಾರನೇ ದಿನ ಬೆಳಿಗ್ಗೆ ಎದ್ದಾಗ ಕೇಳಿ ನಿಮ್ ಮಂಡೀನ. ಮೊದ್ಲಿಗಿಂತ ಜಾಸ್ತಿ ನೋವಿದ್ರೆ, ಊದಿದ್ರೆ, ನಿನ್ನೆ ಜಾಸ್ತಿ ಆಯ್ತು ಅಂತ. ಆಗ ಕಡಿಮೆ ಮಾಡಿ. ಬಿಟ್ಟುಬಿಡೋದಲ್ಲ, ಕಡಿಮೆ ಮಾಡೋದು. ನೀವು ಎರಡೇ ಕಲ್ತಿದೀರ, ಪರ್ವತಿ ಇಲ್ಲಾಂದ್ರೆ ಹಾಸಿಗೆ."

ಶಾರದಾ ಖುಷಿಯಿಂದ ತಲೆಯಾಡಿಸಿದಳು. ತಾನು ಇಷ್ಟು ವರ್ಷ ಹೇಳಲಾಗದ್ದನ್ನು ಯಾರೋ ಹೇಳಿಬಿಟ್ಟರು ಎನ್ನುವ ಹಾಗೆ.

ಶ್ರುತಿ ಹೇಳಿಕೊಟ್ಟ ವ್ಯಾಯಾಮ ನೋಡಿ ನನಗೆ ನಿರಾಸೆಯೇ ಆಯಿತು. ಮಲಗಿಕೊಂಡು ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿದು ಅದನ್ನು ಅದುಮುವುದು. ಕಾಲು ನೆಟ್ಟಗೆ ಇಟ್ಟು ಮೆಲ್ಲಗೆ ಎತ್ತುವುದು, ಮೆಲ್ಲಗೆ ಇಳಿಸುವುದು. ಉಸಿರು ಕಟ್ಟಬಾರದು. ಕುರ್ಚಿಯ ಮೇಲೆ ದಪ್ಪ ದಿಂಬಿಟ್ಟು ಎತ್ತರ ಮಾಡಿ, ಕೂತು ಏಳುವುದು. ಬೂಟು ಹಾಕಿಕೊಂಡು ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ನಡೆಯುವುದು. ಇದೂ ಒಂದು ವ್ಯಾಯಾಮವೇ? ಕುಸ್ತಿಯ ತಾಲೀಮಿನ ಮನೆಯ ಮಣ್ಣು ಮೆತ್ತಿಕೊಂಡು ಬೆಳೆದ ನಾನು ಟವೆಲ್ ಅದುಮುವುದನ್ನು ಯಾರಾದರೂ ನೋಡಿಯಾರೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಟವೆಲ್ ತೆಗೆದು ಒಂದು ಇಳಕಲ್ ಸೀರೆ ಸುತ್ತಿಟ್ಟುಕೊಂಡ ಮೇಲೆ ಸ್ವಲ್ಪ ಮನಸ್ಸು ಬಂತು. ಶಾರದಾ ಆ ಸೀರೆ ನೋಡಿ, "ಇದನ್ನ ಮತ್ತ ಗಿರಾಕಿಗೆ ಮಾರಬ್ಯಾಡ್ರಿ" ಎಂದು ಕಸಿದುಕೊಂಡು ತಾನೇ ಉಟ್ಟಳು.

ಮೊದಮೊದಲು ಏನೂ ಆಗಲಿಲ್ಲ. ಏನೂ ಆಗದ ಆ ದಿನಗಳೇ ಎಲ್ಲಕ್ಕಿಂತ ಕಷ್ಟ. ನನ್ನ ಹಾಗೆ ಮೊಣಕಾಲು ಹಿಡಿದು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ ಅವರಿಗೆ ಅದನ್ನೇ ಹೇಳಬೇಕೆಂದಿದ್ದೇನೆ: ನಿಮ್ಮ ತಪ್ಪಲ್ಲ, ಎಲ್ಲರಿಗೂ ಹಾಗೇ. ಮುಂಜಾನೆ ಎದ್ದು ಮೊಣಕಾಲನ್ನು ಮಾತಾಡಿಸುವುದು ರೂಢಿಯಾಯಿತು. ಒಮ್ಮೊಮ್ಮೆ ಅದು ಸಿಡುಕುತ್ತಿತ್ತು, ಆ ದಿನ ಕಡಿಮೆ ಮಾಡುತ್ತಿದ್ದೆ. ನಿಧಾನವಾಗಿ ದಿಂಬು ತೆಗೆದೆವು. ಕುರ್ಚಿಯಿಂದ ಏಳಲು ಎರಡು ಕೈ ಬೇಕಿದ್ದವನಿಗೆ ಒಂದು ಸಾಕಾಯಿತು. ಪಾಯಖಾನೆಯಲ್ಲಿ ಕಮೋಡು ಕೂಡಿಸಿ, ಗೋಡೆಗೊಂದು ಹಿಡಿಕೆ ಹಾಕಿಸಿದೆವು. ಅದನ್ನು ಮೊದಲ ಸಲ ಬಳಸಿ ಹೊರಗೆ ಬಂದಾಗ ನಾನು ಅನುಭವಿಸಿದ ಸುಖ ಇಲ್ಲಿ ಬರೆಯುವಂಥದ್ದಲ್ಲ.

ಆದರೆ ಮೊಣಕಾಲು ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತು. ಅಂಗಡಿಗೆ ರಜೆಯಿದ್ದ ರವಿವಾರ ಚೆನ್ನಾಗಿರುತ್ತಿತ್ತು, ಶನಿವಾರ ಸಂಜೆಗೆ ಮತ್ತೆ ಹಳೆಯ ರಾಗ. ಶ್ರುತಿ ಕಾರಣ ಕೇಳಿದಾಗ ನಾನು ಗೋಡೆಯ ಪಟ ನೋಡಿದೆ. ಶಾರದಾ ನೋಡಲಿಲ್ಲ, ಹೇಳಿಯೇಬಿಟ್ಟಳು.

"ದಿನಾ ಪೂರ್ತಿ ಗಾದಿ ಮ್ಯಾಲ ಕಾಲು ಮಡಚಿ ಕೂಡ್ತಾರವಾ. ಅಪ್ಪ ಹೇಳ್ಯಾರಂತ."

ಶ್ರುತಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಕಾಕಾ, ಬೆಳಿಗ್ಗೆ ನಾವಿಬ್ರೂ ಕಟ್ಟಿದ್ದನ್ನ ಸಂಜೆ ಹೊತ್ತಿಗೆ ನೀವೊಬ್ರೇ ಕೆಡವ್ತಾ ಇದೀರ. ಅಂಗಡಿ ಬೇಕೋ ಮಂಡಿ ಬೇಕೋ ಅಂತ ನಾನು ಕೇಳಲ್ಲ. ನೀವೇ ಯೋಚ್ನೆ ಮಾಡಿ" ಎಂದಳು.

ಅದೇ ಯೋಚನೆ ತಲೆಯಲ್ಲಿ ತುಂಬಿಕೊಂಡು, ಡಾಕ್ಟರಿಗೆ ತೋರಿಸಿ ಹೋಗೋಣವೆಂದು ಕಾಯುವ ಕೋಣೆಗೆ ಬಂದೆವು. ಮರದ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರು. ನನ್ನನ್ನು ನೋಡಿ ಮೆಲ್ಲಗೆ ಎದ್ದು, "ಮಾಲಕರ, ಇಲ್ಲಿ ಕೂಡ್ರಿ. ಇದು ಎತ್ತರ ಅದ, ಏಳಲಿಕ್ಕೆ ಸಲೀಸು" ಎಂದರು.

ಮಾಲತಿಬಾಯಿ. ಬಾಗಲಕೋಟೆಯ ತವರು, ಸದಾಶಿವ ಪೇಠೆಯ ಮನೆ, ಶಾಲೆಯಲ್ಲಿ ಟೀಚರಾಗಿದ್ದವರು. ಅಪ್ಪನ ಕಾಲದಿಂದ ನಮ್ಮ ಗಿರಾಕಿ. ಕಪಾಟು ಪೂರ್ತಿ ಬಿಚ್ಚಿಸಿ, ಒಂದೂ ಹಿಡಿಸದೆ, "ಇನ್ನೊಂದ ತೋರಸ್ರಿ" ಎನ್ನುವುದರಲ್ಲಿ ಎತ್ತಿದ ಕೈ. ಅವರು ಬಂದರೆಂದರೆ ಬಸಣ್ಣ ಊಟಕ್ಕೆ ಹೊರಟುಬಿಡುತ್ತಿದ್ದ. ಕೆಲವು ವರ್ಷಗಳಿಂದ ಅವರು ಬಂದಿರಲಿಲ್ಲ. ಝಗಝಗಿಸುವ ದೊಡ್ಡ ಅಂಗಡಿಗಳು ಸೆಳೆದವೆಂದು ನಾನು ಮನಸ್ಸಿನಲ್ಲೇ ಮುನಿಸಿಕೊಂಡಿದ್ದೆ.

"ಭಾಳ ದಿನಾ ಆತು ಬಾಯಾರ, ನಮ್ಮನ್ನ ಮರತೇ ಬಿಟ್ರಿ" ಎಂದೆ.

"ಮರತಿಲ್ರಿ. ಬಂದಿದ್ದೆ ಒಮ್ಮೆ. ಬಾಗಲದಾಗ ನಿಂತು ನೋಡಿದೆ. ನಿಮ್ಮ ಗಾದಿ ತೆಳಗ ಅದ. ಹ್ಯಾಂಗರ ಮಾಡಿ ಕೂಡ್ತೀನಿ, ಏಳೂದು ಹ್ಯಾಂಗ? ನಾಕು ಮಂದಿ ಮುಂದ ಅಂಬೆಗಾಲಲೆ ಏಳಬೇಕಲ್ರಿ. ಮಾನ ಹೋಗ್ತದಂತ ಹೊಳ್ಳಿ ಹೋದೆ." ಸ್ವಲ್ಪ ತಡೆದು, "ನಮ್ಮ ಭಜನಿ ಮಂಡಳಿ ಹೆಂಗಸರೂ ಹಂಗ ಬಿಟ್ಟಾರ. ನಿಮಗ ಹೇಳಲಿಕ್ಕೆ ಸಂಕೋಚ. ನಿಮ್ಮಪ್ಪ ಹಾಸಿದ ಗಾದಿ ಅದು" ಎಂದರು.

ನಾನು ಆ ಮರದ ಕುರ್ಚಿಯಲ್ಲಿ ಕೂತೆ. ಈ ಸಲ ಬೇಡವೆನ್ನಲಿಲ್ಲ. ಗಿರಾಕಿಗಿಂತ ಮೇಲೆ ಕೂಡಬಾರದೆಂದು ಹಟ ಹಿಡಿದು ನಾನು ಕೆಳಗೆ ಕೂತಿದ್ದೆ. ಕೆಳಗೆ ಕೂಡಲಾಗದೆ ಗಿರಾಕಿ ಹೊರಗೆ ನಿಂತಿದ್ದರು. ನಾನು ಸೀರೆಯ ಕೆಳಗೆ ಕಾಲು ಮುಚ್ಚಿಟ್ಟ ಹಾಗೆ ಅವರೂ ತಮ್ಮ ಮೊಣಕಾಲನ್ನು ಮುಚ್ಚಿಟ್ಟುಕೊಂಡೇ ಮನೆಗೆ ಹೋಗಿದ್ದರು.

ರಿಕ್ಷಾದಲ್ಲಿ ಶಾರದಾ ಮೊದಲು ಬಾಯಿಬಿಟ್ಟಳು. "ಗಾದೀನ ಎತ್ತರ ಮಾಡಿದ್ರ ಹ್ಯಾಂಗ್ರಿ? ನೀವೂ ಅದರ ಮ್ಯಾಲ, ಗಿರಾಕೀನೂ ಅದರ ಮ್ಯಾಲ. ಇಬ್ಬರೂ ಕಾಲು ಇಳಿಬಿಟ್ಟು ಕೂಡ್ರಿ. ಮಾವಾರ ಮಾತೂ ಉಳಿತದ."

"ಅಂಗಡಿ ಮುಚ್ಚರಿ ಅಂತಿದ್ದಿ?"

"ಅಂತಿದ್ದೆ. ಈಗ ಹಿಂಗ ಅನ್ನಲಿಕ್ಹತ್ತೀನಿ."

ಗಾದಿಯ ಕೆಳಗೆ ಮರದ ಕಟ್ಟೆ ಕೂಡಿಸಲು ಬಡಿಗ ಬಂದ. ಎತ್ತರ ಎಷ್ಟಿರಬೇಕೆಂದು ಶ್ರುತಿಯನ್ನು ಕೇಳಿದೆ. ಕೂತಾಗ ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು, ಪಾದ ಪೂರ್ತಿ ನೆಲಕ್ಕೆ ತಾಗಬೇಕು ಎಂದಳು. ಹಳೆಯ ಗಾದಿ ಎತ್ತುವ ದಿನ ಮೇಲಿನ ಬಿಳಿ ಬಟ್ಟೆ ತೆಗೆಸಿದೆ. ಕೂತು ಕೂತು ಹತ್ತಿ ಅಮುಕಿಹೋಗಿ ಗಾದಿಯಲ್ಲೊಂದು ತಗ್ಗಾಗಿತ್ತು. ಮೊದಲು ಅಪ್ಪ ಕೂತ, ಆಮೇಲೆ ನಾನು ಕೂತ ಜಾಗ. ಅದನ್ನು ಸವರುತ್ತ ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಅತ್ತುಬಿಟ್ಟೆ. ಬಸಣ್ಣ ನೀರು ತಂದುಕೊಟ್ಟ. ಅದೇ ಹತ್ತಿಯನ್ನು ಬಿಡಿಸಿ, ಹಿಂಜಿಸಿ, ಹೊಸ ಗಾದಿಗೆ ತುಂಬಿಸಿದೆವು.

ಗಲ್ಲಿಯ ವ್ಯಾಪಾರಿಗಳು ಬಂದು ನೋಡಿ, ನಾಟಕದ ಸ್ಟೇಜು ಕಟ್ಟಿದ್ದೀಯಾ ಎಂದು ಚೇಷ್ಟೆ ಮಾಡಿದರು. ಮಾಡಿಕೊಳ್ಳಲಿ. ಅವರೂ ಅದರ ಮೇಲೆ ಕೂತು ಚಹಾ ಕುಡಿದರು, ಏಳುವಾಗ ಒಬ್ಬರೂ ನರಳಲಿಲ್ಲ.

ಈಗಲೂ ಮೊಣಕಾಲು ಹೊಸದಾಗಿಲ್ಲ. ಪುಣೆಯಲ್ಲಿ ಮಳೆ ಹಿಡಿದರೆ ಅದೂ ಮುಖ ಊದಿಸಿಕೊಳ್ಳುತ್ತದೆ. ಮುಂಜಾನೆ ಟವೆಲ್ ಅದುಮುವುದು ತಪ್ಪಿಲ್ಲ, ಬಾಗಿಲು ಮಾತ್ರ ಹಾಕಿಕೊಳ್ಳುವುದಿಲ್ಲ. ಪರ್ವತಿಯ ಬುಡದ ಸುತ್ತ ನಡೆಯುತ್ತೇನೆ. ಇತ್ತೀಚೆಗೆ ಶ್ರುತಿ ಕೆಲವು ಮೆಟ್ಟಿಲಿಗೆ ಪರವಾನಗಿ ಕೊಟ್ಟಿದ್ದಾಳೆ, ಕಟಾಂಜನ ಹಿಡಿದು ಏರಿ, ನಿಂತು, ಇಳಿಯುತ್ತೇನೆ. ಟೋಪಿಯ ಅಜ್ಜ "ಚಾಲತ್ ರಹಾ" ಎನ್ನುತ್ತಾನೆ. ನಾನು ಕೈ ಮುಗಿದು ನನ್ನ ಪಾಡಿಗೆ ಇಳಿಯುತ್ತೇನೆ.

ಮಾಲತಿಬಾಯಿಗೆ ಶಾರದಾಳೇ ಫೋನು ಮಾಡಿ ಕರೆದಿದ್ದಳು. ಅವರು ಬಂದು ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಚಪ್ಪಲಿ ಬಿಟ್ಟು ಒಳಗೆ ಬಂದು, ಹೊಸ ಗಾದಿಯನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿ, ಕೂತರು. ನಡುವೆ ಸೀರೆ ಹರಡುವಷ್ಟು ಜಾಗ ಬಿಟ್ಟು ನಾನೂ ಅವರ ಪಕ್ಕಕ್ಕೆ ಕೂತೆ. ಇಬ್ಬರ ಕಾಲುಗಳೂ ಒಂದೇ ಎತ್ತರದಿಂದ ನೆಲ ಮುಟ್ಟಿದ್ದವು.

"ಹಸರು ದಡಿದು ತೋರಸ್ರಿ" ಎಂದರು.

ಬಸಣ್ಣ ಕಪಾಟಿಗೆ ಕೈ ಹಾಕಿದ. ಅವನಿಗೆ ಬೇಡವೆಂದು ಸನ್ನೆ ಮಾಡಿ ನಾನೇ ಎದ್ದೆ, ತಂದೆ, ಕೂತೆ, ಬಿಚ್ಚಿದೆ. ಅವರು ಸೆರಗು ತಿರುವಿ ನೋಡಿದರು. ಇನ್ನೊಂದು ಎಂದರು. ಎದ್ದೆ, ತಂದೆ, ಕೂತೆ. ಗಾದಿ ತುಂಬ ಸೀರೆ ಹರಡಿದವು, ಒಂದೂ ನನ್ನ ಕಾಲ ಮೇಲಿರಲಿಲ್ಲ. ಬಸಣ್ಣ ಮಡಚುತ್ತ, "ಮಾಲಕರ, ನೀವ ಎಲ್ಲಾ ತಗದ್ರ ನಾ ಏನ ಮಾಡ್ಲಿ?" ಎಂದು ಗೊಣಗಿದ.

ಮಾಲತಿಬಾಯಿ ಸೀರೆ ಬಿಟ್ಟು ನನ್ನ ಮೊಣಕಾಲನ್ನೇ ನೋಡುತ್ತಿದ್ದರು.

"ಆವಾಗಿಂದ ನೋಡಲಿಕ್ಹತ್ತೀನಿ ಮಾಲಕರ. ನೀವು ಕೈ ಊರಲಾರದ ಏಳ್ತೀರಿ."

ಅವರು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ. ನನ್ನ ಕೈಗಳನ್ನು ನೋಡಿಕೊಂಡೆ. ಎರಡರಲ್ಲೂ ಸೀರೆಯಿತ್ತು.

ಅವರು ತಮ್ಮ ಮುಂದಿದ್ದ ಸೀರೆಯನ್ನು ಪಕ್ಕಕ್ಕೆ ಸರಿಸಿ, ಲೋಡಿಗೆ ಆರಾಮಾಗಿ ಒರಗಿದರು.

"ಇದೂ ಬ್ಯಾಡ. ಇನ್ನೊಂದ ತೋರಸ್ರಿ."

ನಾನು ಎದ್ದೆ.